ಶವವಾಹನದ ಮೇಲೆ ನಗುತ್ತಿರುವ ದಪ್ಪಕ್ಷರಗಳಿಗೆ

ಮಾನ್ಯ ದಪ್ಪ ದುಂಡಕ್ಷರ ಮಹಾಶಯರೇ,

ತಮ್ಮ ಸುಖಶರೀರಕ್ಕೆ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂಬುದು ಬೀದಿಯ ಆ ತುದಿಯಿಂದಲೇ ಕಾಣುತ್ತಿರುವುದರಿಂದ, ವಿಚಾರಿಸುವ ಗೋಜಿಗೆ ಹೋಗದೆ ನೇರವಾಗಿ ವಿಷಯಕ್ಕೆ ಬರುತ್ತೇನೆ.

ನಾನು ಶವ ಸಾಗಿಸುವ ವಾಹನವೊಂದರ ಮಾಲೀಕ ಹಾಗೂ ಚಾಲಕ. ಬಿಸಿಲಿಗೆ ಮಾಸಿದ್ದ ಹಳೆಯ ಅಕ್ಷರಗಳನ್ನು ತೆಗೆದು ‘ಅಂತಿಮ ಯಾತ್ರೆ’ ಎಂದು ಹೊಸದಾಗಿ ಅಂಟಿಸಿಕೊಡುವಂತೆ ಸ್ಟಿಕ್ಕರ್ ಅಂಗಡಿಯಿಟ್ಟಿರುವ ನನ್ನ ಭಾವಮೈದುನನಿಗೆ ಹೇಳಿದ್ದೆ. ಬೆಳಿಗ್ಗೆ ಆಟಿಕೆ ಅಂಗಡಿಯೊಂದರ ಬೋರ್ಡಿಗೆ ತಮ್ಮನ್ನು ಬಳಸಿದ್ದ ಆ ಮಹಾನುಭಾವ, ಕಂಪ್ಯೂಟರಿನಲ್ಲಿ ಅಕ್ಷರಶೈಲಿ ಬದಲಿಸುವಷ್ಟೂ ಮೈಬಗ್ಗಿಸದೆ ಮಧ್ಯಾಹ್ನ ನನ್ನ ವಾಹನಕ್ಕೂ ತಮ್ಮನ್ನೇ ಮೆತ್ತಿ, “ಹೆಂಗಿದೆ ಭಾವ, ಕಳೆ ಬಂತಲ್ಲ!” ಎಂದು ಬೇರೆ ಕೇಳಿದ.

ಕಳೆ ಬಂದಿದೆ, ಅಲ್ಲಗಳೆಯಲಾರೆ. ನಮ್ಮ ಅಕ್ಷರಗಳು ಹುಟ್ಟಿನಿಂದಲೇ ದುಂಡಗಿವೆ. ಅದು ಸಾಲದೆಂದು ತಾವು ಅವಕ್ಕೆ ಮತ್ತಷ್ಟು ಉಣ್ಣಿಸಿದ್ದೀರಿ. ತಮ್ಮ ‘ಅಂ’ ಹೊಟ್ಟೆ ಬಿರಿಯೆ ಉಂಡು ಪಕ್ಕದಲ್ಲೊಂದು ಚೆಂಡಿಟ್ಟುಕೊಂಡು ಕೂತಿದೆ, ‘ತ್ರೆ’ಯಂತೂ ಒತ್ತಕ್ಷರದ ಕಾಲು ಕುಣಿಸುತ್ತಾ ಯಾತ್ರೆಗೆ ತಾನೇ ಮೊದಲು ಹೊರಟಂತಿದೆ. ಕಳೆದ ವಾರ ಸಾವಿನ ಮನೆಯೊಂದರ ಮುಂದೆ ವಾಹನ ನಿಲ್ಲಿಸಿದಾಗ, ತೀರಿಕೊಂಡವರ ಅಣ್ಣ ಕಣ್ಣೊರೆಸಿಕೊಳ್ಳುತ್ತಾ ಹೊರಬಂದು, “ಈ ಹೊತ್ತಲ್ಲಿ ಐಸ್‌ಕ್ರೀಮ್ ಗಾಡಿ ಕರೆಸಿದ್ದು ಯಾರ್ರೀ?” ಎಂದು ಗದರಿದರು. ಎದುರುಮನೆಯ ಮಗು ಟಾಟಾ ಮಾಡಿತು. ಗಂಭೀರವಾಗಿ ನಿಲ್ಲುವುದೇ ಹೊಟ್ಟೆಪಾಡಾಗಿರುವ ನಾನು, ಮುಖ ಎಲ್ಲಿಡಬೇಕೋ ತಿಳಿಯದೆ ಬಾನೆಟ್ ಎತ್ತಿ ಎಂಜಿನ್ ನೋಡುವ ನಾಟಕವಾಡಿದೆ.

ಆದ್ದರಿಂದ ತಮ್ಮಲ್ಲಿ ಸವಿನಯ ಪ್ರಾರ್ಥನೆಯೇನೆಂದರೆ, ಸಾವಿನ ಮನೆಯ ಬೀದಿಗೆ ತಿರುಗಿದೊಡನೆ ತಾವು ಹೊಟ್ಟೆಯನ್ನು ಒಳಗೆಳೆದುಕೊಳ್ಳಬೇಕು, ಶವ ಏರಿಸುವಷ್ಟು ಹೊತ್ತಾದರೂ ತಲೆಕಟ್ಟುಗಳನ್ನು ತಗ್ಗಿಸಬೇಕು, ಮನಸ್ಸು ಬಂದರೆ ಆ ಸೊನ್ನೆಯೊಳಗಿಂದ ಒಂದೇ ಒಂದು ಹನಿ ಕಣ್ಣೀರು ಉದುರಿಸಬೇಕು.

ಇದು ತಮ್ಮಿಂದಾಗದ ಕೆಲಸವೆಂದು ಅರಿತು, ಭಾನುವಾರ ಬಿಸಿನೀರು, ಬ್ಲೇಡು ಹಿಡಿದು ತಮ್ಮನ್ನು ಕೀಳಲು ಹೊರಟೆ. ಅಡ್ಡ ಬಂದವಳು ನಮ್ಮಮ್ಮ. ಈ ವಾಹನ ಮನೆಮುಂದೆ ಬಂದು ನಿಂತಂದಿನಿಂದ, ಕಂಡರೆ ಎದೆ ಧಸಕ್ಕೆನ್ನುತ್ತದೆಂದು ಅವಳು ಮುಂಬಾಗಿಲನ್ನೇ ಬಿಟ್ಟು ಅಡುಗೆಮನೆಯ ಬಾಗಿಲಿನಿಂದ ಓಡಾಡುತ್ತಿದ್ದಳು. ನನ್ನ ಕೆಲಸದ ಮಾತೆತ್ತಿದರೆ ಎದ್ದು ಹೋಗುತ್ತಿದ್ದಳು. ಆ ಸಂಕಟ ಎಷ್ಟೆಂದು ತಮಗೆ ಹೇಳಿ ಪ್ರಯೋಜನವಿಲ್ಲ. ಅಂಥವಳು ತಮ್ಮನ್ನು ಕಂಡ ಮೇಲೆ ಮುಂಬಾಗಿಲಿಗೆ ಬಂದಿದ್ದಾಳೆ, ಸಂಜೆ ಚಾಲಕನ ಪಕ್ಕದ ಸೀಟಿನಲ್ಲಿ ಕೂತು ಚಹಾ ಕುಡಿಯುತ್ತಾ, ಇವತ್ತು ಯಾರ ಮನೆಗೆ ಹೋಗಿದ್ದೆ, ಏನಾಗಿತ್ತಂತೆ ಎಂದು ವಿಚಾರಿಸುತ್ತಾಳೆ. “ಕೀಳ್ಬೇಡ ಕಣೋ, ಈಗ ಇದನ್ನ ನೋಡಿದ್ರೆ ಭಯ ಆಗಲ್ಲ” ಎಂದಳು. ಬಿಸಿನೀರನ್ನು ಚರಂಡಿಗೆ ಚೆಲ್ಲಿದೆ.

ಹೀಗಾಗಿ ನನ್ನ ದೂರು ಇದ್ದಂತೆಯೇ ಇರಲಿ. ತಾವೂ ಇದ್ದಂತೆಯೇ ಇರತಕ್ಕದ್ದು.

ತಮ್ಮ ಭಾರವನ್ನು ದಿನವೂ ಹೊತ್ತು ತಿರುಗುವ ವಿಶ್ವಾಸಿ,
ಶವವಾಹನದ ಚಾಲಕ

ವಿ.ಸೂ.: ತನ್ನ ಸರದಿ ಬಂದಾಗ ಇದೇ ವಾಹನ ಬೇಕೆಂದು ಅಮ್ಮ ಈಗಲೇ ಹೇಳಿಟ್ಟಿದ್ದಾಳೆ. ಊರಿನವರೆಲ್ಲರ ಮನೆಮುಂದೆ ಹಲ್ಲುಕಿರಿದು ಆ ದಿನ ನಮ್ಮ ಮನೆಮುಂದೆ ಮಾತ್ರ ತಾವು ಮುಖ ಸಣ್ಣಗೆ ಮಾಡಿಕೊಂಡು ನಿಂತಿರೋ, ತಮಗೂ ನನಗೂ ಜನ್ಮದಲ್ಲಿ ಆಗಿಬರುವುದಿಲ್ಲ.