ಮುದೀರ್ ನಮ್ಮ ಹೊಳೆ ದಾಟಿ ಬಂದದ್ದು

ಊರು ಹೊಗಳುವ ಚಟ ಇದ್ದವನನ್ನು ಫಜೀತಿಗಳು ತಾವಾಗಿ ಹುಡುಕಿಕೊಂಡು ಬರುತ್ತವೆ ಮಾರಾಯ್ರೆ. ಸೌದಿಯ ಅಬ್ಕೈಕ್‌ನಲ್ಲಿ ನಾನು ಫಿಟ್ಟರ್ ಆಗಿದ್ದಷ್ಟು ವರ್ಷವೂ ನನಗೆ ಅದೇ ಆಯಿತು. ಹಾಗಂತ ಚಟ ಬಿಟ್ಟೆನಾ? ಬಿಡಲಿಲ್ಲ, ಬಿಡುವುದೂ ಇಲ್ಲ.

೧. ಸೊಂಡಿಲಲ್ಲಿ ಮರ್ಯಾದೆ

ನಮ್ಮದು ಘಟ್ಟದ ಬುಡದಲ್ಲಿ ಬೆರಳೆಣಿಕೆಯ ಮನೆಗಳ ಊರು. ಮೂರು ಕಡೆ ದಟ್ಟ ಕಾಡು, ಎದುರಿಗೆ ಹೊಳೆ, ದೋಣಿ ಬಿಟ್ಟರೆ ಬೇರೆ ದಾರಿ ಇಲ್ಲ. ಒಂದು ದಿನ ಮೆಸ್ಸಿನಲ್ಲಿ ಊಟಕ್ಕೆ ಕೂತಾಗ, "ನಮ್ಮ ಮನೆಯ ಹಿತ್ತಲಿಗೆ ಕಾಡಾನೆ ಬರ್ತದೆ" ಎಂದೆ.

ಪಠಾಣ ಡ್ರೈವರ್ ರೊಟ್ಟಿ ಮುರಿಯುತ್ತಾ, "ನಮ್ಮ ಹಿತ್ತಲಿಗೆ ಡೈನೋಸಾರ್ ಬರ್ತದೆ" ಅಂದ. ಮೆಸ್ಸಿಗೆ ಮೆಸ್ಸೇ ನಕ್ಕಿತು. ನನಗೆ ಮೈಯೆಲ್ಲ ಉರಿಯಿತು.

ನಗದೆ ಇದ್ದವರು ನಮ್ಮ ಸೌದಿ ಮ್ಯಾನೇಜರ್ ಒಬ್ಬರೇ. ನಾವೆಲ್ಲ ಅವರನ್ನು ಮುದೀರ್ ಅಂತಲೇ ಕರೆಯುವುದು. "ರಜೆಯಲ್ಲಿ ನಾನೇ ಬಂದು ನೋಡುತ್ತೇನೆ. ಕಂಡದ್ದನ್ನು ಇಲ್ಲೇ ಎಲ್ಲರೆದುರು ಹೇಳುತ್ತೇನೆ" ಅಂದರು.

ಅಲ್ಲಿಗೆ ಇಡೀ ಊರಿನ ಮರ್ಯಾದೆ ಆನೆಯ ಸೊಂಡಿಲಿಗೆ ಹೋಯಿತು. ಕೂಡಲೇ ಊರಲ್ಲಿದ್ದ ನನ್ನ ತಾಯಿ ಉಮ್ಮನಿಗೆ ಫೋನ್ ಮಾಡಿ, "ಹಿತ್ತಲಿನ ಬಾಳೆ ಕಡಿಯಬೇಡಿ ಉಮ್ಮ, ಆನೆ ಬರಬೇಕು" ಎಂದೆ.

"ನಿನಗೆ ತಲೆ ಸರಿ ಉಂಟಾ? ಅದನ್ನು ಓಡಿಸ್ಲಿಕ್ಕೆ ಪಟಾಕಿ ತಂದುಕೊಟ್ಟವನೇ ನೀನಲ್ವಾ?" ಅಂದರು ಉಮ್ಮ.

೨. ನೀರಿನ ಉಡುಗೊರೆ

ರಜೆಗೆ ನಾನು ಊರು ಸೇರಿದ ಬೆನ್ನಿಗೇ ಮುದೀರ್ ಬಂದೇಬಿಟ್ಟರು. ಮಳೆ ಆಗಷ್ಟೇ ಬಿಟ್ಟಿತ್ತು, ಹೊಳೆ ಎರಡೂ ದಡ ತುಂಬಿ ಹರಿಯುತ್ತಿತ್ತು. ಕರೆತರಲು ಆಚೆ ದಡಕ್ಕೆ ಹೋಗಿ ನೋಡಿದರೆ ಅವರ ಕಾರಿನ ಹಿಂದೆ ನೀರಿನ ಬಾಟಲಿಗಳ ರಾಶಿ!

"ದೂರದ ಊರಿಗೆ ನೀರು ಒಯ್ಯದೆ ಹೋಗುವವನು ಎಂಥ ಅತಿಥಿ?" ಅಂದರು ಮುದೀರ್. ಮರುಭೂಮಿಯ ಮರ್ಯಾದೆ ಅದು. ನನಗೆ ನಗು ಬಂದರೂ ಮನಸ್ಸು ತುಂಬಿ ಬಂತು.

ಭಾರಕ್ಕೆ ದೋಣಿ ಅರ್ಧ ಮುಳುಗಿತು. ದೋಣಿಯವ ನನ್ನ ಕಿವಿಯಲ್ಲಿ, "ಕೆಳಗೆ ಹರಿಯುವುದು ಎಂತ ಅಂತ ಇವರಿಗೆ ಹೇಳಿಲ್ವಾ ಮಾರಾಯ?" ಅಂದ.

ಉಮ್ಮ ಮಾತ್ರ ಎರಡೂ ಕೈ ಚಾಚಿ ತೆಗೆದುಕೊಂಡು, ಬಾಟಲಿಗಳನ್ನು ಗಾಜಿನ ಕಪಾಟಿನಲ್ಲಿ ಜೋಡಿಸಿಟ್ಟರು. ಬಂದವರಿಗೆಲ್ಲ "ಸೌದಿಯ ನೀರು" ಅಂತ ತೋರಿಸಿದ್ದೇ ತೋರಿಸಿದ್ದು. ಲೇಬಲ್ಲಿನಲ್ಲಿ ಮಂಗಳೂರು ಅಂತ ದೊಡ್ಡದಾಗಿ ಬರೆದಿತ್ತು.

೩. ಬಾರದ ಆನೆ

ಮುದೀರ್ ಹೊಳೆಗೆ ಇಳಿದರೆ ಮಕ್ಕಳ ಹಾಗೆ, ಎಬ್ಬಿಸಿ ತರಬೇಕು. ನೀರುನಾಯಿ ಕಂಡರು, ಮಂಗಟ್ಟೆ ಹಕ್ಕಿ ಕಂಡರು, ಉಮ್ಮನ ಅಕ್ಕಿರೊಟ್ಟಿ ಕೋಳಿ ಸಾರಿಗೆ ಕೈಮುಗಿದರು. ದಿನಾ ಸಂಜೆ ಜಗಲಿಯಲ್ಲಿ ಕೂತು ಬಾಳೆಯನ್ನೇ ನೋಡಿದರು. ಆನೆ ಮಾತ್ರ ಪತ್ತೆ ಇಲ್ಲ.

ನಾವು ವಿಮಾನಕ್ಕೆ ಹೊರಟು ಅರ್ಧ ದಾರಿಗೆ ಬಂದಿರಲಿಲ್ಲ, ಉಮ್ಮನ ಫೋನ್. "ಬಂತು! ಒಂದು ಬಾಳೆಯೂ ಉಳಿಸಲಿಲ್ಲ. ನಿನ್ನೆ ಬರ್ಲಿಕ್ಕೆ ನಿನಗೆ ವೀಸಾ ಸಿಗ್ಲಿಲ್ವಾ ಅಂತ ಆನೆಗೆ ಚೆನ್ನಾಗಿ ಬೈದೆ."

ಮುದೀರ್‌ಗೆ ಹೇಳಿದೆ. ಅವರು ತಣ್ಣಗೆ, "ನಾನು ಕಣ್ಣಾರೆ ಕಾಣಲಿಲ್ಲವಲ್ಲ" ಅಂದರು.

೪. ಸಾಕ್ಷಿ

ಮತ್ತೆ ಅದೇ ಮೆಸ್ಸು. ಪಠಾಣ ಕಾದೇ ಇದ್ದ. "ಮುದೀರ್, ಆನೆ ಕಂಡಿರಾ?"

ಮುದೀರ್ ಮೊದಲು ಹೊಳೆಯ ಕಥೆ ತೆಗೆದರು. ತಡೆಯುವವರಿಲ್ಲದ ನೀರು, ಸೂರ್ಯ ಕಾಣದ ಕಾಡು, ಉಮ್ಮನ ಕೈರುಚಿ. ಒಂದೆರಡು ಸಲ "ನಮ್ಮ ಹೊಳೆ" ಅಂತಲೂ ಅಂದರು. ಹೆಮ್ಮೆಯಲ್ಲಿ ನನ್ನ ಕಣ್ಣು ಒದ್ದೆಯಾಯಿತು. ಆಮೇಲೆ ಪಠಾಣನ ಕಡೆ ತಿರುಗಿ, "ಆನೆಯಾ? ಒಂದಲ್ಲ, ನಾಲ್ಕು!" ಅಂದರು.

ಪಠಾಣನ ಬಾಯಿ ತೆರೆದದ್ದು ಮುಚ್ಚಲೇ ಇಲ್ಲ. ಊಟ ಮುಗಿಸಿ ಎದ್ದ ಮುದೀರ್ ಹಿಂದೆಯೇ ನಾನು ಹೊರಗೆ ಓಡಿ ಅವರ ಕೈ ಹಿಡಿದು, "ಬಂದದ್ದು ಒಂದೇ ಅಲ್ವಾ, ಅದೂ ನೀವು ಹೊರಟ ಮೇಲೆ" ಎಂದೆ.

ಅವರು ಆಚೀಚೆ ನೋಡಿ ಸ್ವರ ತಗ್ಗಿಸಿದರು. "ಸುಮ್ಮನಿರು. ಮನೆಯಲ್ಲಿ ಹೆಂಡತಿಗೆ ನಾಲ್ಕು ಅಂತ ಹೇಳಿ ಆಗಿದೆ. ಮುಂದಿನ ರಜೆಗೆ ಅವಳೂ ಬರ್ತಾಳಂತೆ. ಯಲ್ಲಾ, ನಡೆ ನಡೆ, ಈಗಲೇ ಉಮ್ಮನಿಗೆ ಫೋನ್ ಮಾಡು, ಇನ್ನಷ್ಟು ಬಾಳೆ ನೆಡಲಿಕ್ಕೆ ಹೇಳು!"