ದೋಹಾದಿಂದ ಬಂದ ಗಾಳದ ಕೋಲು

ಒಬ್ಬ ಗಂಡಸು ಸಮುದ್ರದ ಎದುರು ಸುಮ್ಮನೆ ಕುಳಿತುಕೊಳ್ಳುವುದು ಎಷ್ಟು ಕಷ್ಟದ ಕೆಲಸ ಎಂಬುದು ಸಮುದ್ರದಿಂದ ದೂರ ಇರುವವರಿಗೆ ಗೊತ್ತಾಗುವುದಿಲ್ಲ. ಘಟ್ಟದ ಮೇಲಿನಿಂದ ಬಸ್ಸು ಮಾಡಿಕೊಂಡು ಬಂದವರನ್ನು ಯಾರೂ ಏನೂ ಕೇಳುವುದಿಲ್ಲ. ಅವರು ಸೂರ್ಯ ಮುಳುಗುವುದನ್ನು ನೋಡುತ್ತಾರೆ, ಕಡಲೆ ತಿನ್ನುತ್ತಾರೆ, ಹೋಗುತ್ತಾರೆ. ಆದರೆ ಊರಲ್ಲಿ ಇರುವವನೇ ದಿನಾ ಸಂಜೆ ಬಂದು ಒಬ್ಬನೇ ಕುಳಿತರೆ ಅದಕ್ಕೊಂದು ಕಾರಣ ಬೇಕು. ನನ್ನ ಬಳಿ ಕಾರಣವಿತ್ತು. ಹೇಳಿಕೊಳ್ಳುವ ಧೈರ್ಯ ಇರಲಿಲ್ಲ.

ನನ್ನದು ಕಾರ್ಕಳ. ನಮ್ಮ ಮನೆಯ ಸುತ್ತ ಇದ್ದದ್ದು ಬಂಡೆಗಲ್ಲು. ನೀರು ಎಂದರೆ ಬಾವಿ, ಮೀನು ಎಂದರೆ ಸೈಕಲ್ಲಿನಲ್ಲಿ ಬರುವ ವಸ್ತು. ಟೈಪಿಂಗ್ ಇನ್‌ಸ್ಟಿಟ್ಯೂಟ್ ಇಡಲೆಂದು ಕಡಲ ಬದಿಯ ಕಾಪುವಿಗೆ ಬಂದೆ. ಪೇಟೆಯ ಜವಳಿ ಅಂಗಡಿಯ ಮಾಳಿಗೆಯಲ್ಲಿ ಹಳೆಯ ಮಿಷಿನುಗಳನ್ನು ಸಾಲಾಗಿ ಇಟ್ಟು ಮಾಸ್ಟ್ರು ಅನ್ನಿಸಿಕೊಂಡೆ. ಅಲ್ಲಿದ್ದಾಗಲೇ ಮದುವೆಯೂ ಆದೆ. ಮರುವರ್ಷ ನನ್ನ ಹೆಂಡತಿ ಫಿಲೊಮಿನಾಳಿಗೆ ದೋಹಾದಲ್ಲಿ ನರ್ಸ್ ಕೆಲಸ ಸಿಕ್ಕಿತು. "ಒಂದು ಮನೆ ಕಟ್ಟುವಷ್ಟಾದ ಕೂಡಲೇ ಬಂದುಬಿಡ್ತೇನೆ" ಎಂದು ಕೊಂಕಣಿಯಲ್ಲಿ ಹೇಳಿ, ಬಜ್ಪೆಯಲ್ಲಿ ವಿಮಾನ ಹತ್ತಿದಳು. ನಾನು ಬಸ್ಸು ಹತ್ತಿದೆ.

ನಮ್ಮ ಕಡೆ ಗಂಡ ಗಲ್ಫಿಗೆ ಹೋಗಿ ಹೆಂಡತಿ ಊರಲ್ಲಿ ಉಳಿಯುವುದು ಹೊಸದಲ್ಲ. ಅಂಥ ಹೆಂಗಸರು ತವರಿಗೆ ಹೋಗುತ್ತಾರೆ, ಭಾನುವಾರದ ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ಗುಂಪಾಗಿ ನಿಂತು ಮಾತಾಡುತ್ತಾರೆ, ಒಬ್ಬರ ಮನೆಯ ಹಪ್ಪಳಕ್ಕೆ ಇನ್ನೊಬ್ಬರು ಬರುತ್ತಾರೆ. ಹೆಂಡತಿ ಹೋಗಿ ಗಂಡ ಉಳಿದರೆ ಅವನು ಸಂಜೆ ಏನು ಮಾಡಬೇಕು ಎಂಬುದನ್ನು ಯಾರೂ ಗೊತ್ತುಮಾಡಿ ಇಟ್ಟಿರಲಿಲ್ಲ. ನಾನು ಆ ಹೆಂಗಸರ ಗುಂಪಿಗೆ ಹೋಗಿ ನಿಲ್ಲುವಂತಿರಲಿಲ್ಲ. ಹಾಗಾಗಿ ಇನ್‌ಸ್ಟಿಟ್ಯೂಟಿಗೆ ಬೀಗ ಹಾಕಿ, ದೀಪಸ್ತಂಭದ ಹತ್ತಿರದ ಬಂಡೆಯ ಮೇಲೆ ಕುಳಿತು ಪಶ್ಚಿಮಕ್ಕೆ ನೋಡುತ್ತಿದ್ದೆ. ದೋಹಾ ಆ ದಿಕ್ಕಿನಲ್ಲೇ ಎಲ್ಲೋ ಇದೆ ಎಂಬಷ್ಟು ಭೂಗೋಳ ನನಗೆ ಗೊತ್ತಿತ್ತು.

ಮೊದಲು ಕೇಳಿದವರು ನಮ್ಮ ಬೀದಿಗೆ ಮೀನು ತರುವ ಗಿರಿಜಕ್ಕ. "ಎಂತ ಮಾಸ್ಟ್ರೇ, ಹೆಂಡ್ತಿ ಜಗಳ ಮಾಡಿ ಹೋದದ್ದಾ?" ಇಲ್ಲ ಎಂದೆ. ನನ್ನ ಮುಖ ಇಲ್ಲ ಎನ್ನಲಿಲ್ಲವೋ ಏನೋ, ಮರುದಿನದಿಂದ ಅವರ ಗಂಡ ಸಂಜೀವಣ್ಣ ನನ್ನಿಂದ ಸ್ವಲ್ಪ ದೂರದ ಬಂಡೆಯ ಮೇಲೆ ಬಂದು ಕೂರತೊಡಗಿದರು. ಮೊಣಕಾಲು ನೋವಿನಿಂದ ಬೋಟಿಗೆ ಹೋಗುವುದನ್ನು ಬಿಟ್ಟವರು ಅವರು. ನಾನು ಅಲೆಯ ಕಡೆ ಒಂದು ಹೆಜ್ಜೆ ಇಟ್ಟರೆ ಅವರು ಆ ಮೊಣಕಾಲು ಹಿಡಿದುಕೊಂಡೇ ಎದ್ದು ನಿಲ್ಲುತ್ತಿದ್ದರು. ಒಂದು ಸಂಜೆ ಚಪ್ಪಲಿ ತೊಳೆಯಲು ಬಗ್ಗಿದಾಗ "ಮಾಸ್ಟ್ರೇ, ಬೇಡ!" ಎಂದು ಕೂಗಿದರು. ಊರಿನವರೆಲ್ಲ ಸೇರಿ ನನಗೆ ಕಾವಲು ಇಟ್ಟಿದ್ದಾರೆಂದು ಆಗಲೇ ಗೊತ್ತಾದದ್ದು.

ತಿಂಗಳ ಮೊದಲ ಶುಕ್ರವಾರ ಜವಳಿ ಅಂಗಡಿಯ ಫೋನಿಗೆ ಫಿಲೊಮಿನಾಳ ಕಾಲ್ ಬರುತ್ತಿತ್ತು. ದೋಹಾದವರೆಗೆ ಕೇಳಬೇಕಲ್ಲ, ನಾನು ಕಿರುಚುತ್ತಿದ್ದೆ. ಸೀರೆ ಆರಿಸುತ್ತಿದ್ದವರು ಸೆರಗು ಬಿಟ್ಟು ಕಿವಿಗೊಡುತ್ತಿದ್ದರು. ಈ ಕಾವಲಿನ ಸಂಗತಿಯನ್ನೂ ಕಿರುಚಿ ಹೇಳಿದೆ. ನಗುತ್ತಾಳೆ ಎಂದುಕೊಂಡಿದ್ದೆ. ಅವಳು ನಗಲಿಲ್ಲ. "ಕೈ ಖಾಲಿ ಬಿಟ್ಟುಕೊಂಡು ಕೂರಬೇಡಿ. ಏನಾದರೂ ಕಳಿಸ್ತೇನೆ" ಎಂದಳು.

ಅವಳ ಜೊತೆ ಕೆಲಸ ಮಾಡುವ ಉಚ್ಚಿಲದ ಒಬ್ಬರು ರಜೆಗೆ ಬಂದಾಗ ಅದು ಬಂತು: ಎರಡು ತುಂಡಿನ, ಹೊಳೆಯುವ ಗಾಳದ ಕೋಲು ಮತ್ತು ಡಬ್ಬಿಯೊಳಗೆ ಒಂದು ರೀಲು. ದಾರವಿಲ್ಲ, ಗಾಳವಿಲ್ಲ. ಸಮುದ್ರದ ಪಕ್ಕದಲ್ಲೇ ಇರುವವನಿಗೆ ಅವು ಸಿಗದೇ ಇರುತ್ತವೆಯೇ ಎಂದುಕೊಂಡಿರಬೇಕು.

ಅವನ್ನು ಹುಡುಕಿಕೊಂಡು ಮಲ್ಪೆಗೆ ಹೋದೆ. ಬಲೆ, ಹಗ್ಗ, ಬೆಂಡುಗಳು ರಾಶಿ ಬಿದ್ದಿದ್ದ ಅಂಗಡಿ. ನೈಲಾನ್ ದಾರ ಬೇಕೆಂದೆ. ಅಂಗಡಿಯವರು ತಲೆಯೆತ್ತದೆ ಕೇಳಿದರು, "ಯಾವ ಬೋಟು?"

"ಬೋಟು ಇಲ್ಲ."

"ದೋಣಿಯಾ? ಎಷ್ಟು ಜನ ಹೋಗುದು?"

"ನಾನೊಬ್ಬನೇ" ಎಂದೆ.

ಅವರು ತಲೆಯೆತ್ತಿ ನೋಡಿದರು. ಆ ಮಾತು ನನ್ನ ಬಾಯಿಂದ ಅಷ್ಟು ಜೋರಾಗಿ ಅದುವರೆಗೆ ಬಂದಿರಲಿಲ್ಲ. ಆಮೇಲೆ ಅವರು ಬಹಳ ಮೃದುವಾಗಿ, ಅಂಗಿ ಗುಂಡಿಯಷ್ಟಿರುವ ಗಾಳದಿಂದ ಹಿಡಿದು ನನ್ನನ್ನೇ ನೇತುಹಾಕಬಹುದಾದ ಗಾಳದವರೆಗೆ ಎಲ್ಲವನ್ನೂ ಹರಡಿದರು. "ಯಾವ ಮೀನಿಗೆ?" ಎಂದು ಕೇಳಿದರು. ಯಾವುದಾದರೂ ಸರಿ ಎಂದೆ. ಹಾಗೆ ಹೇಳಿದವನಿಗೆ ಕೊಡಲು ಅವರಲ್ಲಿ ಗಾಳವಿರಲಿಲ್ಲ. ಕೊನೆಗೆ ನಡುವಿನ ಅಳತೆಯದನ್ನು ಆರಿಸಿದೆ. ಬದುಕಿನಲ್ಲಿ ತಿಳಿಯದ್ದನ್ನೆಲ್ಲ ನಾನು ಆರಿಸಿದ್ದು ಹೀಗೆಯೇ.

ಕಟ್ಟುವ ಕೆಲಸಕ್ಕೆ ಸಂಜೀವಣ್ಣನನ್ನು ಮನೆಗೆ ಕರೆದೆ. ಸಮುದ್ರದಲ್ಲೇ ತಲೆ ನರೆತವರು, ಅವರಿಗೆ ಗೊತ್ತಿರುತ್ತದೆ ಎಂಬ ನಂಬಿಕೆ. ಅವರು ಕೋಲನ್ನು ತಿರುಗಿಸಿ ತಿರುಗಿಸಿ ನೋಡಿ, "ನಮ್ಮದು ಬಲೆ ಮಾಸ್ಟ್ರೇ. ಒಂದೊಂದೇ ಮೀನನ್ನು ಕರೆದು ಹಿಡಿಯುವ ಅಭ್ಯಾಸ ಇಲ್ಲ" ಎಂದರು. ರೀಲಿನ ಡಬ್ಬಿಯ ಮೇಲೆ, ಒಂದು ಮೀನಿನ ಪಕ್ಕ, ರೀಲನ್ನು ಕೂರಿಸುವ ಚಿತ್ರವಿತ್ತು. ಅದರ ಸುತ್ತ ಇದ್ದದ್ದು ಜಪಾನಿ ಅಕ್ಷರ. ಓದಲು ಬಾರದ ಅಕ್ಷರದಲ್ಲಿ ತಲೆ ಯಾವುದು ಬುಡ ಯಾವುದು ಎಂದು ತಿಳಿಯದೆ, ಇಬ್ಬರೂ ಡಬ್ಬಿಯನ್ನು ತಲೆಕೆಳಗಾಗಿ ಹಿಡಿದು ಚಿತ್ರದಲ್ಲಿದ್ದಂತೆಯೇ ರೀಲನ್ನು ಕೂರಿಸಿದೆವು. ಮೀನಿನ ಚಿತ್ರವೂ ಹೊಟ್ಟೆ ಮೇಲೆ ಮಾಡಿ ಮಲಗಿತ್ತು. ಸತ್ತದ್ದಿರಬೇಕು ಎಂದರು ಸಂಜೀವಣ್ಣ. ದಾರವನ್ನು ಉಂಗುರಗಳಲ್ಲಿ ಪೋಣಿಸಿ, ತುದಿಗೆ ಗಾಳ ಕಟ್ಟಿ, ಸೀಸದ ಗುಂಡು ತರಲು ಮರೆತದ್ದಕ್ಕೆ ಹಳೆಯ ಟೈಪ್‌ರೈಟರಿನ ನಟ್ಟುಗಳನ್ನು ಭಾರಕ್ಕೆ ಹಾಕಿದೆ. ಕಣ್ಣುಮುಚ್ಚಿ ಟೈಪು ಮಾಡುವ ನನ್ನ ಬೆರಳುಗಳಿಗೆ ನೈಲಾನ್ ದಾರದ ಒಂದು ಗಂಟು ನಿಲ್ಲಲಿಲ್ಲ. ಸಂಜೀವಣ್ಣ ಹಾಕಿದ ಗಂಟು ನಿಂತಿತು, ಆದರೆ ಅದರೊಳಗೆ ನನ್ನ ಅಂಗಿಯ ತೋಳೂ ಸೇರಿಕೊಂಡಿತ್ತು.

ಮರುದಿನ ಗಿರಿಜಕ್ಕನ ಬಳಿ ಒಂದು ಹಿಡಿ ಸಿಗಡಿ ಕೇಳಿದೆ. "ಇಷ್ಟರಲ್ಲಿ ಎಂತ ಮಾಡ್ಲಿಕ್ಕೆ ಆಗ್ತದೆ?" ಎಂದರು. ಮೀನಿಗೆ ಎಂದೆ. "ನನ್ನಿಂದ ತಕ್ಕೊಂಡು ಸಮುದ್ರಕ್ಕೆ ಹಾಕಿ, ಸಮುದ್ರದಿಂದ ಮೀನು ತೆಗೆಯುದಾ? ಸೀದಾ ಮೀನೇ ತಕ್ಕೊಳ್ಳಿ ಮಾರಾಯ್ರೆ, ನಡುವೆ ಸಮುದ್ರ ಯಾಕೆ?"

ಸಂಜೆ ಬಂಡೆಯ ಸುತ್ತ ಸಣ್ಣ ಸಭೆಯೇ ಸೇರಿತ್ತು. ಕೋಲನ್ನು ಹಿಂದಕ್ಕೆ ಎಳೆದು ಬಲವಾಗಿ ಬೀಸಿದೆ. ಗಾಳ ಹಾರಿತು, ನಟ್ಟುಗಳು ಹಾರಿದವು, ಅವುಗಳ ಹಿಂದೆಯೇ ಕೋಲಿನ ಮೇಲಿನ ತುಂಡೂ ಹಾರಿತು. ಎರಡು ತುಂಡುಗಳನ್ನು ಒತ್ತಿ ಬಿಗಿಯಬೇಕೆಂದು ನಮಗಿಬ್ಬರಿಗೂ ಹೊಳೆದಿರಲಿಲ್ಲ. ಉಂಗುರಗಳಲ್ಲಿ ದಾರವಿದ್ದುದರಿಂದ, ಉಲ್ಟಾ ಕೂತಿದ್ದ ರೀಲನ್ನು ಉಲ್ಟಾ ತಿರುಗಿಸಿ ಹೇಗೋ ಎಳೆದುಕೊಂಡೆ. ನಾನು ಸಮುದ್ರದಿಂದ ಮೊದಲು ಹಿಡಿದದ್ದು ನನ್ನದೇ ಅರ್ಧ ಕೋಲನ್ನು. ಜನ ಬಿದ್ದು ಬಿದ್ದು ನಕ್ಕರು. ಅಲ್ಲಿ ಕೂರತೊಡಗಿ ಎಷ್ಟೋ ದಿನವಾಗಿತ್ತು, ನನ್ನ ಹತ್ತಿರ ಯಾರಾದರೂ ನಕ್ಕದ್ದು ಅದೇ ಮೊದಲು.

ಅಲ್ಲಿಂದ ಊರು ಬದಲಾಯಿತು. ಕೋಲು ಹಿಡಿದವನನ್ನು "ಎಂತ ಆಯ್ತು?" ಎಂದು ಯಾರೂ ಕೇಳುವುದಿಲ್ಲ, "ಎಂತ ಸಿಕ್ಕಿತು?" ಎಂದು ಕೇಳುತ್ತಾರೆ. ಏನೂ ಇಲ್ಲ ಎಂದರೆ ಅದು ದುಃಖದ ಉತ್ತರವಲ್ಲ, ಮೀನುಗಾರಿಕೆಯ ಉತ್ತರ. ಕಾವಲು ಮುಗಿದರೂ ಸಂಜೀವಣ್ಣ ಬರುವುದನ್ನು ಬಿಡಲಿಲ್ಲ. ನನ್ನ ಬಂಡೆಗೇ ಬಂದು ಕೂತರು.

ಕೆಂಬೇರಿ ಸಿಕ್ಕಿದ್ದು ಒಂದು ಶನಿವಾರ, ಸಂಜೀವಣ್ಣ ಮಗಳ ಮನೆಗೆ ಹೋಗಿದ್ದಾಗ. ಅಂಗೈಗಿಂತ ಸ್ವಲ್ಪ ದೊಡ್ಡದು, ಕೆಂಪಗೆ ಹೊಳೆಯುವ ಮೀನು. ಎಳೆದು ಬಂಡೆಯ ಮೇಲೆ ಹಾಕಿ ಸುತ್ತಲೂ ನೋಡಿದೆ. ಒಂದು ಕಾಗೆ ಬಿಟ್ಟು ಯಾರೂ ಇರಲಿಲ್ಲ. ತಿಂಗಳ ಮೊದಲ ಶುಕ್ರವಾರ ಕಳೆದು ಒಂದೇ ದಿನವಾಗಿತ್ತು. ಫಿಲೊಮಿನಾಳಿಗೆ ಹೇಳಬೇಕಾದ ಈ ಸುದ್ದಿಯನ್ನು ನಾನು ಹತ್ತಿರಹತ್ತಿರ ಇಡೀ ತಿಂಗಳು ಹೊಟ್ಟೆಯಲ್ಲಿ ಇಟ್ಟುಕೊಳ್ಳಬೇಕಿತ್ತು. ಮೀನನ್ನು ಅಂದೇ ಸಾರು ಮಾಡಿ ತಿಂದೆ. ಸುದ್ದಿ ಮಾತ್ರ ಬೆಳೆಯುತ್ತ ಹೋಯಿತು. ಟೈಪಿಂಗಿಗೆ ಬರುವವರಿಗೆ ಹೇಳುವಾಗ ಅದು ಒಂದು ಗೇಣು ಇತ್ತು, ತಿಂಗಳ ಕೊನೆಗೆ ಜವಳಿ ಅಂಗಡಿಯವರು ತಮ್ಮ ಅಳತೆಗೋಲನ್ನು ತೋರಿಸಿ "ಇಷ್ಟಾ?" ಎಂದಾಗ, ಹೆಚ್ಚುಕಡಿಮೆ ಎಂದೆ.

ಶುಕ್ರವಾರ ಬಂತು. "ಫಿಲ್ಲು, ಮೀನು ಹಿಡಿದೆ! ಕೆಂಬೇರಿ!" ಎಂದು ಕಿರುಚಿದೆ. ಸೀರೆ ಆರಿಸುತ್ತಿದ್ದವರೆಲ್ಲ ನನ್ನ ಕಡೆ ತಿರುಗಿದರು. ಆ ಕಡೆಯಿಂದ ಅವಳ ಸ್ವರ ಕೇಳಿಸಿತು.

"ತಲೆ ಯಾರು ತಿಂದರು?"

ಮೀನಿನ ತಲೆ ಯಾವಾಗಲೂ ಅವಳ ಪಾಲು. ಆ ಶನಿವಾರವೂ ನಾನು ಅದನ್ನು ಬೇರೆ ಬಟ್ಟಲಿಗೆ ಹಾಕಿ, ಮುಚ್ಚಿ, ಪಕ್ಕಕ್ಕೆ ಇಟ್ಟಿದ್ದೆ. ಇಟ್ಟ ಮೇಲೆಯೇ ಅದು ಯಾರಿಗೆಂದು ನೆನಪಾದದ್ದು. ಬೆಳಿಗ್ಗೆ ಬೆಕ್ಕಿಗೆ ಕೊಟ್ಟಿದ್ದೆ.

"ನಾನೇ ತಿಂದೆ" ಎಂದೆ, ಮೊದಲ ಸಲ ಕಿರುಚದೆ.

"ಸುಳ್ಳು. ನಿಮಗೆ ಮುಳ್ಳು ಬಿಡಿಸಲಿಕ್ಕೆ ಬರುವುದಿಲ್ಲ" ಎಂದಳು. ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ, ಅಷ್ಟು ದೂರದ ಲೈನಿನಲ್ಲಿ ಎರಡೂ ಒಂದೇ ರೀತಿ ಕೇಳುತ್ತದೆ. ಜವಳಿ ಅಂಗಡಿಯವರು ಅಳತೆಗೋಲನ್ನು ಮೆಲ್ಲನೆ ಕೌಂಟರಿನ ಕೆಳಗೆ ಇಟ್ಟರು.

ಮಳೆಗಾಲ ಮುಗಿದ ಮೇಲೆ ಒಂದು ಸಂಜೆ ಅಪರಿಚಿತರೊಬ್ಬರು ಉದ್ದನೆಯ ಹೊಸ ಕೋಲು ಹಿಡಿದು ನನ್ನನ್ನು ಹುಡುಕಿಕೊಂಡು ಬಂದರು. ಅಲೆವೂರಿನವರು, ಮಣಿಪಾಲದಲ್ಲಿ ಕೆಲಸ. "ಗಾಳದ ವಿಷಯ ನಿಮಗೆ ಚೆನ್ನಾಗಿ ಗೊತ್ತುಂಟಂತೆ, ಅಲ್ವಾ?" ಎಂದರು. ಒಂದೇ ಒಂದು ಮೀನು ಹಿಡಿದವನು ನಾನು. ಆದರೂ ಅವರ ಕೋಲನ್ನು ಕೈಗೆ ತೆಗೆದುಕೊಂಡು, ಒಂದು ಕಣ್ಣು ಮುಚ್ಚಿ, ತುದಿಯವರೆಗೆ ನೋಡಿ "ಹೂಂ" ಎಂದೆ. ದಾರ ಎಷ್ಟು ದಪ್ಪ ಇರಬೇಕು, ಗಾಳ ಎಷ್ಟು ದೊಡ್ಡದಿರಬೇಕು ಎಂದು ಹೇಳತೊಡಗಿದೆ. ನಡುವೆ ಸುಮ್ಮನೆ ಕೇಳಿದೆ, "ಮನೆಯವರು ಎಲ್ಲಿ?"

"ಮಸ್ಕತ್ತಿನಲ್ಲಿ. ಆಸ್ಪತ್ರೆ ಕೆಲಸ" ಎಂದರು, ಅಲೆಗಳ ಕಡೆ ನೋಡುತ್ತ.

ನಾನು ಬಂಡೆಯ ಮೇಲೆ ಸರಿದು ಜಾಗ ಮಾಡಿದೆ. ಕತ್ತಲಾಗುವವರೆಗೂ ಗಾಳದ ಬಗ್ಗೆ ಹೇಳಿದೆ. ಅಷ್ಟು ಸುಳ್ಳನ್ನು ನಾನು ಅದುವರೆಗೆ ಒಮ್ಮೆಲೇ ಹೇಳಿರಲಿಲ್ಲ. ಅವರಿಗೂ ಅದು ಗೊತ್ತಾಗಿತ್ತೆಂದು ಕಾಣುತ್ತದೆ. ನಾನು ಮುಗಿಸಿದಾಗಲೆಲ್ಲ ಅವಸರವಾಗಿ ಇನ್ನೊಂದು ಪ್ರಶ್ನೆ ಕೇಳುತ್ತಿದ್ದರು.