ಬಲೂನಿಗೆ ಹಾಕಿದ ಕೊಸರು

ಒಮ್ಮೆ ಮರಳುಗಾಡಿನಲ್ಲಿ, ಒಮ್ಮೆ ಹಿಮದ ನಾಡಿನಲ್ಲಿ ಬಲೂನು ಹಾರಿಸಲು ಹೋಗಿ, ಎರಡೂ ಕಡೆಯಿಂದ ಮುಖ ಸಣ್ಣ ಮಾಡಿಕೊಂಡು ಬಂದವಳು ನಾನು. ಬಲೂನಿಗೆ ರಾಕೆಟ್ ಕಟ್ಟುವ ಕೆಲಸದಲ್ಲಿ ಲೆಕ್ಕ ತಪ್ಪುವುದು ಕಡಿಮೆ. ಲೆಕ್ಕದಲ್ಲಿ ಇಲ್ಲದ್ದೇ ದಿನಕ್ಕೊಂದು ನಡೆಯುತ್ತದೆ. ಮೂರನೆಯ ಸಲ ಗೋವಾದ ಸಮುದ್ರದಲ್ಲಿ, ಬಾರ್ಜ್ ಎಂಬ ಚಪ್ಪಟೆ ಸರಕು ದೋಣಿಯ ಮೇಲೆ. ಇದೂ ಹಾರದಿದ್ದರೆ ನಮ್ಮ ಪುಟ್ಟ ಕಂಪನಿಗೆ ಬೀಗ.

೧. ಘಾಟಿ

ಗೋವಾದಲ್ಲಿ ಕನ್ನಡಿಗರೇ ತುಂಬಿದ ಮಂಗೋರ್ ಹಿಲ್‌ನಿಂದ ಕೆಲಸಗಾರರನ್ನು ಕರೆತಂದ ಮೇಸ್ತ್ರಿ ಮೊದಲ ದಿನವೇ ಕೇಳಿದ: "ರಾಕೆಟ್ ತಾನ ಹಾರತೈತಲ್ರಿ ಮೇಡಂ, ಬಲೂನ್ ಯಾಕ?"

ಕೆಳಗೆ ಗಾಳಿ ದಟ್ಟ, ಅದನ್ನು ಸೀಳುವುದರಲ್ಲೇ ಇಂಧನ ಮುಗಿಯುತ್ತದೆ. ಬಲೂನು ತೆಳು ಗಾಳಿಯವರೆಗೆ ಹೊತ್ತೊಯ್ದರೆ ರಾಕೆಟ್ಟಿಗೆ ಅಲ್ಲಿಂದ ಸಲೀಸು, ಎಂದೆ.

"ಹಂಗಂದ್ರ ಸೈಕಲ್ ಲಾರ್ಯಾಗ ಹಾಕ್ಕೊಂಡು ಘಾಟಿ ಹತ್ತೂದು, ಮ್ಯಾಲ ಇಳಿಸಿ ತುಳಿಯೂದು."

ಇಷ್ಟನ್ನು ಬಂಡವಾಳ ಹಾಕುವವರಿಗೆ ತಿಳಿಸಲು ನಾನು ನಲವತ್ತು ಸ್ಲೈಡ್ ಮಾಡಿದ್ದೆ. ಅವರಿಗೆ ಇನ್ನೂ ತಿಳಿದಿಲ್ಲ.

೨. ಉಗುರು

ಬಲೂನಿನ ಹಾಳೆ ಈರುಳ್ಳಿ ಸಿಪ್ಪೆಯಷ್ಟು ತೆಳು. ಉಂಗುರ, ಬಳೆ, ಉದ್ದ ಉಗುರು ಹತ್ತಿರ ಸುಳಿಯಬಾರದು. ತಪಾಸಣೆಗೆ ಮೇಸ್ತ್ರಿಯ ಹೆಂಡತಿಯನ್ನು ನಿಲ್ಲಿಸಿದೆ. ಶುಕ್ರವಾರ ಮ್ಹಾಪಸಾ ಸಂತೆಯಲ್ಲಿ ತರಕಾರಿ ಮಾರುವಾಕೆ, ಉಳಿದ ದಿನ ನಮ್ಮಲ್ಲಿ. ಕೂಲಿಯವರೆಲ್ಲ ಪಾಸಾದರು. ಆಕೆ ತಡೆದದ್ದು ನಮ್ಮ ಮುಖ್ಯ ಎಂಜಿನಿಯರನ್ನು.

"ಈ ಬಲೂನು ಮಾಡಿದ್ದೇ ನಾನು," ಅಂದರು ಅವರು.

"ಹೌದ್ರಿ ಸರ. ಉಗುರು ತಗದು ಬರ್ರಿ."

೩. ಕೊಸರು

ಬಲೂನು ಬಿಡಲು ಬೆಳಿಗ್ಗೆ ಹತ್ತರವರೆಗೆ ಅನುಮತಿ, ತಪ್ಪಿದರೆ ಆಕಾಶ ವಿಮಾನಗಳದು. ಒಂಬತ್ತೂವರೆಗೆ ಒಂದು ಹಗ್ಗ ಉಳಿಸಿ ಮಿಕ್ಕ ಹಗ್ಗಗಳನ್ನು ಬಿಟ್ಟೆವು. ಬಲೂನು ಆಳೆತ್ತರ ಏರಿ ಎಮ್ಮೆಯಂತೆ ನಿಂತಿತು. ನಾನು ಪಟ್ಟಿ ಹಿಡಿದು ಒಂದೊಂದೇ ನೋಡುತ್ತ ಬಂದೆ. ಗಾಳಿ ಸರಿಯಿತ್ತು, ರಾಕೆಟ್ಟಿನ ತೂಕ ಸರಿಯಿತ್ತು. ಉಳಿದದ್ದು, ವಾಲದಿರಲೆಂದು ಕೆಳಗೆ ಕಟ್ಟಿದ ಇಪ್ಪತ್ತು ಮರಳು ಚೀಲ. ನಮ್ಮ ತೂಕದ ಯಂತ್ರ ಕೈಕೊಟ್ಟಿದ್ದರಿಂದ, ಮೇಸ್ತ್ರಿಯ ಹೆಂಡತಿ ತನ್ನ ಸಂತೆಯ ತಕ್ಕಡಿಯಲ್ಲೇ ತೂಗಿದ್ದಳು.

"ಬರೋಬ್ಬರಿ ಒಂದೊಂದು ಕಿಲೋ ತಾನೆ?" ಕೇಳಿದೆ.

ಆಕೆಗೆ ಅವಮಾನವಾಯಿತು. "ಬರೋಬ್ಬರಿ ಹೆಂಗ ಕೊಡೂದ್ರಿ? ಮ್ಯಾಲೊಂದು ಹಿಡಿ ಕೊಸರು ಹಾಕೇನಿ. ಇಲ್ಲಾಂದ್ರ ಮಂದಿ ಏನಂದಾರು?"

ಎಲ್ಲರೂ ಚೀಲಗಳಿಗೆ ಕೈಹಾಕಿ ಮರಳು ಬಾಚಿದೆವು. ಉಗುರಿಲ್ಲದ ಎಂಜಿನಿಯರ್ ಎಲ್ಲರಿಗಿಂತ ಹಿಂದೆ. ಹತ್ತಕ್ಕೆ ಐದು ನಿಮಿಷವಿರುವಾಗ ಕೊನೆಯ ಹಗ್ಗ ಬಿಗಿಯಿತು; ಬಿಟ್ಟೆವು, ಬಲೂನು ಸರ್ರನೆ ಎದ್ದಿತು.

ಮಧ್ಯಾಹ್ನ, ಕಣ್ಣಿಗೆ ಕಾಣದಷ್ಟು ಎತ್ತರದಲ್ಲಿ, ರಾಕೆಟ್ ಹೊತ್ತಿಕೊಂಡಿತು. ಪರದೆಯ ಮೇಲೆ ಅದರ ಎತ್ತರ ತೋರುವ ಗೆರೆ ಏರಿತು, ಇನ್ನೂ ಏರಿತು. ನಾನು ಮೇಸ್ತ್ರಿಯನ್ನು ಹಿಡಿದು ಕುಣಿದೆ. ಎಂಜಿನಿಯರ್ ಮಾತ್ರ ಹುಬ್ಬು ಗಂಟಿಕ್ಕಿದ್ದರು: "ಲೆಕ್ಕಕ್ಕಿಂತ ಸ್ವಲ್ಪ ಜಾಸ್ತಿ ಹೋಗಿದೆ. ಹೇಗೆ?"

ಮೇಸ್ತ್ರಿಯ ಹೆಂಡತಿ ತಕ್ಕಡಿ ಒರೆಸುತ್ತಾ ಅಂದಳು: "ಅಲ್ಲಿ ಮ್ಯಾಲಿನಾಂವ ತೂಗ್ಯಾನ್ರಿ ಸರ. ಅಂವಾರ ಬರೋಬ್ಬರಿ ಕೊಡ್ತಾನೇನು?"